ಆ ದೂರಿನಲ್ಲಿ ಏನಿತ್ತು, ತಮ್ಮಾ?

ತಮ್ಮಾ,

ನಿನ್ನ ಕತೆ ಎರಡು ಸಲ ಓದಿದೆ. ಕಾಗುಣಿತ, ಪ್ಯಾರಾ, ಯಾವ ಪತ್ರಿಕೆಗೆ ಕಳಿಸಬೇಕು ಅಂತೆಲ್ಲ ಕೇಳಿದ್ದೀಯ. ಅವನ್ನು ಯಾರಾದರೂ ಹೇಳಿಕೊಡುತ್ತಾರೆ, ಬಿಡು. "ಇದರಲ್ಲಿ ಜೀವ ಇಲ್ಲದಿದ್ದರೆ ಬರೆಯುವುದನ್ನೇ ಬಿಡುತ್ತೇನೆ" ಎಂದು ಕೊನೆಗೆ ಬರೆದಿದ್ದೀಯಲ್ಲ, ಆ ಸಾಲಿಗೆ ಮಾತ್ರ ಉತ್ತರ ಕೊಡುತ್ತೇನೆ. ಜೀವ ಇದೆ. ಜಾಸ್ತಿಯೇ ಇದೆ. ನನಗೆ ಭಯ ಆಗಿದ್ದು ಅದಕ್ಕೇ.

ಹನ್ನೆರಡನೇ ಶತಮಾನದ ಶಿವಭಕ್ತ ಏಕಾಂತದ ರಾಮಯ್ಯ ಜೈನರ ಜೊತೆ ಪಂಥ ಕಟ್ಟಿ ತಲೆ ಕೊಯ್ದುಕೊಳ್ಳುವ ಭಾಗ ಓದುವಾಗ ಮೈ ಜುಂ ಎಂದಿತು. ಏಳು ದಿನದ ಮೇಲೆ ತಲೆ ಕೂಡುತ್ತದೆ, ಜೈನರು ಕೊಟ್ಟ ಮಾತಿಗೆ ತಪ್ಪುತ್ತಾರೆ, ರಾಮಯ್ಯ ಜಿನನ ಮೂರ್ತಿ ಒಡೆಯುತ್ತಾನೆ. ಅಲ್ಲಿಗೆ ನೀನು ಶಂಖ ಊದಿಸಿ ಕತೆ ಮುಗಿಸಿಬಿಟ್ಟಿದ್ದೀಯ.

ಇದೇ ಕತೆ ಹೇಳುವ, ಹಾವೇರಿ ಜಿಲ್ಲೆಯ ಅಬ್ಬಲೂರಿನ ಸೋಮೇಶ್ವರ ಗುಡಿಯ ಶಾಸನ ಓದಿದ್ದೀಯಾ? 1200ರ ಆಸುಪಾಸಿನದು. ಅದು ಕತೆ ಕಟ್ಟುವ ಜಾಣತನ ನೋಡು. ಮೊದಲು ಜೈನರ ಕೈಲಿ ಓಲೆಯ ಮೇಲೆ ಕರಾರು ಬರೆಸುತ್ತದೆ, ತಲೆ ಮರಳಿ ಬಂದರೆ ನಮ್ಮ ಜಿನನನ್ನು ತೆಗೆದು ಶಿವನನ್ನು ಇಡುತ್ತೇವೆ ಅಂತ. ಆಮೇಲೆ ಅವರು ಮಾತಿಗೆ ತಪ್ಪಿದರು ಎನ್ನುತ್ತದೆ. ಅಷ್ಟಾದ ಮೇಲೆ ಒಡೆಯುವುದು ಒಡೆಯುವುದೇ ಅಲ್ಲ, ಬಾಕಿ ವಸೂಲಿ.

ಪವಾಡ ನಡೆಯಿತೋ ಇಲ್ಲವೋ ಎಂದು ನಾನು ಜಗಳ ಆಡುವುದಿಲ್ಲ. ನನ್ನ ಅಜ್ಜಿ ನಂಬಿದ್ದಳು, ಯಾರ ಮೇಲೂ ಕೈ ಎತ್ತಿದವಳಲ್ಲ. ಆದರೆ ಅದೇ ಶಾಸನದಲ್ಲಿ ಜೈನರು ಕಲ್ಯಾಣದ ರಾಜ ಬಿಜ್ಜಳನ ಹತ್ತಿರ ದೂರು ಒಯ್ಯುತ್ತಾರೆ, ಅಲ್ವಾ? ರಾಜ ಕೊನೆಗೆ ಜಯಪತ್ರ, ಅಂದರೆ ಗೆದ್ದೆ ಎಂಬ ಬರಹ, ಕೊಡುವುದು ರಾಮಯ್ಯನಿಗೆ. ಸೋತವರು ವಾಪಸ್ ಬರುವ ದಾರಿಯಲ್ಲಿ ಏನು ಮಾತಾಡಿಕೊಂಡರು? ಮನೆಯಲ್ಲಿ ಮಕ್ಕಳಿಗೆ ಏನು ಹೇಳಿದರು? ನಿನ್ನ ಕತೆಯಲ್ಲಿ ಅವರೊಬ್ಬರಿಗೂ ಹೆಸರಿಲ್ಲ ಮಾರಾಯ. ಕುದುರೆಗೆ ಹೆಸರಿಟ್ಟಿದ್ದೀಯ!

ಸುಮ್ನೆ ಬೈಯುತ್ತಿದ್ದೇನೆ ಅಂದುಕೊಳ್ಳಬೇಡ. ಇಪ್ಪತ್ತೊಂದನೇ ವಯಸ್ಸಿನಲ್ಲಿ ನಾನೂ ಇದೇ ಕತೆಯನ್ನು ಕಾಲೇಜಿಗೆ ನಾಟಕ ಮಾಡಿದ್ದೆ. ವೇದಿಕೆಯ ಮೇಲೆ ಮಣ್ಣಿನ ಮೂರ್ತಿ ಒಡೆಸಿದೆ. ಸಭಾಂಗಣವೇ ಎದ್ದು ನಿಂತಿತು. ಹಾಸ್ಟೆಲಿನಲ್ಲಿ ಪಕ್ಕದ ರೂಮಿನವಳು, ಹೊತ್ತು ಮುಳುಗುವ ಮೊದಲೇ ಊಟ ಮುಗಿಸುತ್ತಿದ್ದವಳು, ಮುಂದಿನ ಸಾಲಿನಲ್ಲಿ ಕೂತಿದ್ದಳು. ಅವಳೂ ಚಪ್ಪಾಳೆ ತಟ್ಟಿದಳು, ಸುತ್ತ ಎಲ್ಲರೂ ತಟ್ಟುವಾಗ ಇನ್ನೇನು ಮಾಡಿಯಾಳು ಎಂದು ನನಗೆ ಹೊಳೆಯಲು ಇಪ್ಪತ್ತು ವರ್ಷ ಬೇಕಾಯಿತು. ಪರೀಕ್ಷೆ ಮುಗಿದ ಮೇಲೆ ಅವಳಿಂದ ಒಂದು ಕಾಗದವೂ ಬರಲಿಲ್ಲ. ಅವತ್ತು ನನ್ನ ಬೆನ್ನು ತಟ್ಟಿದ ಮೇಷ್ಟ್ರ ಮೇಲೆ ಈಗಲೂ ಸಿಟ್ಟಿದೆ. "ಯಾಕಮ್ಮಾ ಒಡೆಸಿದೆ?" ಅಂತ ಒಂದು ಮಾತು ಕೇಳಬಾರದಿತ್ತೇ?

ಶ್ರವಣಬೆಳಗೊಳದಲ್ಲಿ 1368ರ ಇನ್ನೊಂದು ಶಾಸನವಿದೆ. ಜೈನರಿಗೂ ವೈಷ್ಣವರಿಗೂ ಜಗಳವಾದಾಗ ವಿಜಯನಗರದ ರಾಜ ಬುಕ್ಕರಾಯ ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಎರಡೂ ದರ್ಶನಕ್ಕೆ ಭೇದವಿಲ್ಲ ಎಂದ. ಭಾಷಣದವರು ಇಷ್ಟಕ್ಕೇ ನಿಲ್ಲಿಸುತ್ತಾರೆ. ಅದರಲ್ಲೇ ಒಂದು ಲೆಕ್ಕವೂ ಇದೆ. ಜೈನರ ಮನೆಮನೆಯಿಂದ ವರ್ಷಕ್ಕೊಂದು 'ಹಣ' (ಆಗಿನ ನಾಣ್ಯ), ಆ ದುಡ್ಡಲ್ಲಿ ಬೆಳಗೊಳದ ದೇವರಿಗೆ 20 ಮಂದಿ ಕಾವಲು, ಮಿಕ್ಕಿದ್ದರಲ್ಲಿ ಹಳೆ ಬಸದಿಗಳಿಗೆ ಸುಣ್ಣ. ಅನ್ಯಾಯವಾಗಿದೆ ಎಂದು ದೂರು ಕೊಟ್ಟವರು ಜೈನರು, ಕಾವಲಿನ ಖರ್ಚೂ ಅವರದೇ!

ಇಂಥ ಲೆಕ್ಕ ನಿನ್ನ ಕತೆಗೆ ಬರಬೇಕು. ಹಾಗಂತ ರಾಮಯ್ಯನನ್ನು ರಾಕ್ಷಸ ಮಾಡಿ ತರಬೇಡ. ಅದೂ ಇದೇ ಆಟ, ಚಪ್ಪಾಳೆ ತಟ್ಟುವ ಬೆಂಚು ಮಾತ್ರ ಬೇರೆ. ಅವನ ಭಕ್ತಿ ಹಾಗೇ ಇರಲಿ. ಬಿಜ್ಜಳನ ಮುಂದೆ ನಿಂತ ಆ ಗುಂಪಿನಲ್ಲಿ ಒಬ್ಬನಿಗೆ ಹೆಸರಿಡು, ದೂರು ಹೇಳುವಾಗ ಅವನ ಗಂಟಲು ಒಣಗಲಿ, ಅಲ್ಲಿಂದ ಶುರು ಮಾಡು. ಅದಕ್ಕೂ ಮೊದಲು ಒಂದು ಸಲ ಅಬ್ಬಲೂರಿಗೆ ಹೋಗಿ ಬಾ.

ಮೊಬೈಲಿಗೆ ಕಳಿಸಬೇಡ, ನನ್ನ ಕಣ್ಣು ಸರಿಯಿಲ್ಲ. ದೊಡ್ಡ ಅಕ್ಷರದಲ್ಲಿ ಪ್ರಿಂಟ್ ಹಾಕಿಸಿ ನೀನೇ ತಗೊಂಡು ಬಾ. ಕುದುರೆಯನ್ನು ತೆಗೆಯಬೇಡ, ಅದು ಚೆನ್ನಾಗಿದೆ.

ನಿನ್ನ ಅಕ್ಕ