ಎಂಜಿನ್‌ಗಳ ಲೆಕ್ಕ ಎಲ್ಲರಿಗೂ ಕಾಣಲಿ

ಸಂಪಾದಕರೇ,

ಉಗಿ ಎಂಜಿನ್ ಅಂದ ಕೂಡಲೇ ನಮಗೆ ನೆನಪಾಗೋದು ಜೇಮ್ಸ್ ವಾಟ್. ಅವನು ದೊಡ್ಡವನೇ, ಅನುಮಾನವಿಲ್ಲ. ಆದರೆ ಅವನ ಪೇಟೆಂಟ್ 1769ರಿಂದ 1800ರವರೆಗೆ ಇತ್ತು, ಅಷ್ಟೂ ವರ್ಷ ಬೇರೆಯವರು ಕೈ ಹಾಕುವುದು ಕಷ್ಟವಾಗಿತ್ತು. ನನಗೆ ಜಾಸ್ತಿ ಇಷ್ಟವಾಗುವುದು ಆಮೇಲಿನ ಕಥೆ.

ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ ತಾಮ್ರ, ತವರದ ಗಣಿಗಳಿದ್ದವು. ಗಣಿಗೆ ನುಗ್ಗುವ ನೀರನ್ನು ಹಗಲೂ ರಾತ್ರಿ ಎತ್ತಬೇಕು, ಕಲ್ಲಿದ್ದಲು ಮಾತ್ರ ಅಲ್ಲಿಲ್ಲ, ವೇಲ್ಸ್‌ನಿಂದ ಹಡಗಿನಲ್ಲಿ ಬರಬೇಕು. (ಮುಂದೆ ನಮ್ಮ ಕೋಲಾರದ ಚಿನ್ನದ ಗಣಿಗೆ ಬಂದವರಲ್ಲೂ ಕಾರ್ನ್‌ವಾಲ್‌ನವರು ಬಹಳ ಮಂದಿ.) 1811ರಲ್ಲಿ ಗಣಿಯವರೆಲ್ಲ ಸೇರಿ ಜೋಯೆಲ್ ಲೀನ್ ಎಂಬವನಿಗೆ ಒಂದು ಕೆಲಸ ಒಪ್ಪಿಸಿದರು. ಯಾವ ಎಂಜಿನ್ ಎಷ್ಟು ಕಲ್ಲಿದ್ದಲು ತಿಂದು ಎಷ್ಟು ನೀರು ಎತ್ತಿತು ಅಂತ ತಿಂಗಳು ತಿಂಗಳು ಅಳೆದು, ಅಚ್ಚು ಹಾಕಿಸಿ ಹಂಚುವುದು. ಯಾರದು ಮುಂದೆ, ಯಾರದು ಹಿಂದೆ ಎಲ್ಲರಿಗೂ ಕಾಣುತ್ತಿತ್ತು.

ಆಗ ಸರಾಸರಿ ಎಂಜಿನ್ ಒಂದು ಬುಶೆಲ್ (ಕಲ್ಲಿದ್ದಲು ಅಳೆಯುವ ಆಗಿನ ಅಳತೆ) ಕಲ್ಲಿದ್ದಲಿಗೆ ಎರಡು ಕೋಟಿ ಪೌಂಡ್ ನೀರನ್ನೂ ಒಂದು ಅಡಿ ಎತ್ತುತ್ತಿರಲಿಲ್ಲ. 1835ರ ಒಂದು ಪರೀಕ್ಷೆಯಲ್ಲಿ ಫೋವೆ ಕನ್ಸಾಲ್ಸ್ ಗಣಿಯ ಎಂಜಿನ್ ಹನ್ನೆರಡೂವರೆ ಕೋಟಿ ಮುಟ್ಟಿತು! ಇದು ಒಬ್ಬನ ಕೆಲಸವಲ್ಲ. ಅಲ್ಲಿನ ಎಂಜಿನಿಯರ್ ಟ್ರೆವಿತಿಕ್ ಉಗಿಯ ಒತ್ತಡ ಹೆಚ್ಚಿಸಿದ. ಪಿಸ್ಟನ್ ಅರ್ಧ ದಾರಿಯಲ್ಲಿರುವಾಗಲೇ ಉಗಿಯ ವಾಲ್ವ್ ಮುಚ್ಚಿಬಿಟ್ಟು, ಒಳಗಿರುವ ಉಗಿ ಹಿಗ್ಗಿಯೇ ಉಳಿದ ದಾರಿ ತಳ್ಳುವಂತೆ ಮಾಡಿದರು. ಬಿಸಿ ಸುಮ್ನೆ ಹೊರಗೆ ಹೋಗದಂತೆ ಬಾಯ್ಲರ್‌ಗೆ, ಸಿಲಿಂಡರ್‌ಗೆ ಹೊದಿಕೆ ಹಾಕಿದರು. ಒಂದು ಗಣಿಯಲ್ಲಿ ಫಲ ಕಂಡದ್ದು ಪಕ್ಕದ ಗಣಿಗೂ ಬಂತು.

ಇದನ್ನೆಲ್ಲ ಯಾಕೆ ಬರೆದೆ ಅಂದರೆ, ಹೋದ ಬೇಸಿಗೆಯಲ್ಲಿ ನಮ್ಮ ಹೊಲದಲ್ಲೂ ಇಂಥದ್ದೇ ಆಯಿತು. ಕೃಷಿ ಹೊಂಡದಿಂದ ಒಂದು ಎಕರೆ ಮೆಣಸಿನ ಗಿಡಕ್ಕೆ ನೀರು ಹಾಯಿಸೋಕೆ ಪಕ್ಕದ ಹೊಲದವರಿಗೆ 4 ಲೀಟರ್ ಡೀಸೆಲ್ ಸಾಕಾಗುತ್ತಿತ್ತು, ನಮಗೆ 5 ದಾಟುತ್ತಿತ್ತು. ಇಬ್ಬರದೂ 5 ಎಚ್‌ಪಿ ಎಂಜಿನ್ನೇ. ಒಂದು ದಿನ ಮಾತಿಗೆ ಮಾತು ಬಂದು ಇಬ್ಬರ ಲೆಕ್ಕ ಪಕ್ಕಪಕ್ಕ ಇಟ್ಟಾಗಲೇ ಇದು ಗೊತ್ತಾಗಿದ್ದು. ಪೈಪ್ ಎತ್ತಿ ನೋಡಿದರೆ ನೀರೊಳಗಿನ ತುದಿಯ ಫುಟ್‌ವಾಲ್ವ್ ಜಾಲರಿಗೆ ಬೆರಳು ದಪ್ಪ ಪಾಚಿ! ಎರಡು ವರ್ಷ ಸುಮ್ಮನೆ ಡೀಸೆಲ್ ಸುಟ್ಟಿದ್ದೆ.

ನಿಮ್ಮ ಕೃಷಿ ಪುಟದಲ್ಲಿ ತಿಂಗಳಿಗೊಮ್ಮೆ ರೈತರ ಪಂಪ್‌ಸೆಟ್ ಲೆಕ್ಕ ಹಾಕಿ. ಎಷ್ಟು ಎಚ್‌ಪಿ, ಎಷ್ಟು ಆಳದ ನೀರು, ಎಕರೆಗೆ ಎಷ್ಟು ಲೀಟರ್, ಇಷ್ಟು ಸಾಕು. ಮೊದಲ ತಿಂಗಳಿಗೆ ನನ್ನ ಲೆಕ್ಕ ನಾನೇ ಕಳಿಸುತ್ತೇನೆ.

– ಒಬ್ಬ ರೈತ, ಹಾವೇರಿ ಜಿಲ್ಲೆ