ಸುಮಾ ಸಹಿ ಹಾಕೋ ಮುಂಚೆ

ರಾಚೆಸ್ಟರ್, ನ್ಯೂಯಾರ್ಕ್

ಅಮ್ಮನಿಗೆ ನಮಸ್ಕಾರ. ನಾವೆಲ್ಲ ಕ್ಷೇಮ. ಅಪ್ಪನಿಗೂ ಅಜ್ಜಿಗೂ ನಮಸ್ಕಾರ ತಿಳಿಸು.

ಸುಮಾ ಮದುವೆಯ ಲಗ್ನಪತ್ರಿಕೆ ಅಚ್ಚಾಗೋ ಮೊದಲೇ ಅವಳು ಪಿತ್ರಾರ್ಜಿತದ ಪಾಲನ್ನ ಅಣ್ಣಂದಿರಿಗೆ ಬಿಟ್ಟುಕೊಡೋ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಮಾಡಿಬಿಡಲಿ ಅಂತ ದೊಡ್ಡಪ್ಪ ಅಂದರಂತೆ. ಬೇಡಮ್ಮ. ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಪಾಲು ಅಂತ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಲ್ಲೇ ಇದೆ, ಮದುವೆಯಾದರೂ ಅದು ಹೋಗಲ್ಲ. ಸಬ್ ರಿಜಿಸ್ಟ್ರಾರ್ ಎದುರು ಫೋಟೋ, ಹೆಬ್ಬೆಟ್ಟು ಆಗಿ ಪತ್ರ ಒಮ್ಮೆ ನೋಂದಣಿಯಾಗಿಬಿಟ್ಟರೆ, ಬಿಟ್ಟ ಪಾಲು ವಾಪಸ್ ತರೋಕೆ ಕೋರ್ಟೇ ಗತಿ.

ಅಮೆರಿಕಕ್ಕೆ ಹೋಗಿ ಇವಳ ತಲೆ ತಿರುಗಿದೆ ಅಂತಾರೆ ದೊಡ್ಡಪ್ಪ, ಗೊತ್ತು. ನಮ್ಮಲ್ಲಿ ಸ್ತ್ರೀಧನ ಅಂತಾದರೂ ಒಂದಿತ್ತು. ಇಲ್ಲಿ ಇನ್ನೂರು ವರ್ಷದ ಹಿಂದೆ ತಾಳಿಯಿಲ್ಲದ ಮದುವೆಯಲ್ಲೂ ಹೆಂಡತಿಯ ದುಡ್ಡು ಗಂಡನದು, ದುಡಿದ ಕೂಲಿಯೂ ಅವನದೇ. 1836ರಲ್ಲಿ ಅರ್ನೆಸ್ಟೀನ್ ರೋಸ್ ಅನ್ನೋಳು ಹೆಂಗಸರ ಆಸ್ತಿಗಾಗಿ ಮನವಿ ಹಿಡಿದು ಮನೆಮನೆ ಸುತ್ತಿದರೆ ಸಿಕ್ಕಿದ್ದು ಐದೇ ಸಹಿ. ಗಂಡಸರು ನಗ್ತಾರೆ ಅಂತ ಹೆಂಗಸರೇ ಹಿಂಜರಿದರಂತೆ. ನ್ಯೂಯಾರ್ಕ್ ರಾಜ್ಯದಲ್ಲಿ ಹೆಂಗಸರ ಆಸ್ತಿ ಕಾಯ್ದೆ ಬಂದಿದ್ದು 1848ರ ಏಪ್ರಿಲ್‌ನಲ್ಲಿ, ಕೂಲಿಯ ಹಕ್ಕಿಗೆ 1860ರವರೆಗೆ ಕಾದರು.

ಆ 1848ರ ಜುಲೈನಲ್ಲೇ ಸೆನೆಕಾ ಫಾಲ್ಸ್‌ನಲ್ಲಿ (ಇಲ್ಲಿಂದ ಕಾರಿನಲ್ಲಿ ಒಂದು ಗಂಟೆ) ಸುಮಾರು 300 ಜನ ಸೇರಿ, 68 ಹೆಂಗಸರು, 32 ಗಂಡಸರು ಹೆಂಗಸರ ಹಕ್ಕಿನ ಘೋಷಣೆಗೆ ಸಹಿ ಹಾಕಿದರು. ಪತ್ರಿಕೆಗಳು ಗೇಲಿ ಮಾಡಿದ ಮೇಲೆ ಕೆಲವರು ಹೆಸರು ಹಿಂತೆಗೆದುಕೊಂಡರು. ಮತದಾನದ ಬೇಡಿಕೆ ಬೇಡ ಅಂದವರ ಎದುರು ಎದ್ದು ನಿಂತವನು ನಾನಿರೋ ರಾಚೆಸ್ಟರಿನ ಪತ್ರಿಕೆಯ ಸಂಪಾದಕ ಫ್ರೆಡರಿಕ್ ಡಗ್ಲಾಸ್, ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದವನು.

ಸಹಿ ಸಂಗ್ರಹ ಈ ಹೆಂಗಸರಿಗೆ ಕರಗತವಾಗಿದ್ದೇ ಗುಲಾಮಗಿರಿ ವಿರುದ್ಧದ ಮನವಿಗಳಿಂದ. ಅಂಥ ಮನವಿಗಳನ್ನು ಸಂಸತ್ತಿನ ಕೆಳಮನೆ 1836ರಿಂದ 1844ರವರೆಗೆ ಓದದೇ ಬದಿಗಿಟ್ಟಿತು, ಆದರೂ ಬಿಡಲಿಲ್ಲ. 1863ರಲ್ಲಿ ಹೆಂಗಸರ ಹಕ್ಕಿಗೆ ಹೋರಾಡುತ್ತಿದ್ದ ಎಲಿಜಬೆತ್ ಸ್ಟಾಂಟನ್, ಸೂಸನ್ ಆಂಥೊನಿ ಗುಲಾಮಗಿರಿ ರದ್ದಿಗಾಗಿ ಸಂಘ ಕಟ್ಟಿ, ಖರ್ಚಿಗೆ ಸಹಿಗೊಂದು ಸೆಂಟ್ ಕೇಳಿದರು. ಹಾಳೆಗಳನ್ನು ರಾಜ್ಯವಾರು ಅಂಟಿಸಿ ಸುರುಳಿ ಕಟ್ಟಿದರು. 1864ರ ಫೆಬ್ರವರಿ 9ರಂದು ಇಬ್ಬರು ಕಪ್ಪು ಗಂಡಸರು ಆ ಕಟ್ಟುಗಳನ್ನು ಹೊತ್ತು ತಂದು ಸೆನೆಟ್‌ನಲ್ಲಿ ಚಾರ್ಲ್ಸ್ ಸಮ್ನರ್ ಮೇಜಿನ ಮೇಲಿಟ್ಟರು. ಲಕ್ಷ ಸಹಿಯಲ್ಲಿ 65,601 ಓಟೇ ಇಲ್ಲದ ಹೆಂಗಸರದು!

ಆ ಆಂಥೊನಿ 1872ರಲ್ಲಿ ಇದೇ ಊರಲ್ಲಿ ಓಟು ಹಾಕಿ ಅರೆಸ್ಟಾದಳು. 100 ಡಾಲರ್ ದಂಡ, ಕಟ್ಟಲೇ ಇಲ್ಲ ಗಟ್ಟಿಗಿತ್ತಿ. ಈಗ ಚುನಾವಣೆ ದಿನ ಜನ ಅವಳ ಸಮಾಧಿಗೆ 'ಓಟು ಹಾಕಿದೆ' ಅನ್ನೋ ಚೀಟಿ ಅಂಟಿಸ್ತಾರೆ. ನಮ್ಮ ದೇವಸ್ಥಾನದ ಕಲ್ಲಿಗೆ ಎಣ್ಣೆ ಮೆತ್ತಿದ ಹಾಗೇ, ಅಂಟಿಗೆ ಕಲ್ಲು ಹಾಳಾಗುತ್ತೆ ಅಂತ ಪ್ಲಾಸ್ಟಿಕ್ ಹೊದಿಸಿದರು!

ಸುಮಾಗೆ ಹೇಳು: ಕರಡಿನ ನಕಲು ಒಂದು ವಾರ ಮೊದಲೇ ಇಸಕೊಳ್ಳಲಿ. 'ಸಮಸ್ತ ಸ್ಥಿರ ಚರಾಸ್ತಿ' ಅಂತಿದ್ದರೆ ಮುಟ್ಟಲೇಬಾರದು. ಬರೀ ಸರ್ವೆ ನಂಬರ್ ಇದ್ದರೂ ಪಹಣಿಗೆ ತಾಳೆ ನೋಡಲಿ. ಹಣ ಸಂದಿದೆ ಅಂತ ಬರೆದಿದ್ದರೆ ನಿಜವಾಗಿ ಸಂದಿರಬೇಕು. ಅಣ್ಣಂದಿರಿಗೆ ಬಿಟ್ಟುಕೊಡಬೇಕು ಅಂತ ಅವಳಿಗೇ ಅನ್ನಿಸಿದರೆ ಮದುವೆಯಾಗಿ ಒಂದು ವರ್ಷ ಕಳೆದ ಮೇಲೂ ಕೊಡಬಹುದಲ್ಲ.

ಜಗಳ ಆಗಲ್ಲ, ಮದುವೆ ನಿಲ್ಲಲ್ಲ, ದೊಡ್ಡಪ್ಪ ಎರಡು ದಿನ ಮುನಿಸಿಕೊಂಡು ಸರಿಹೋಗ್ತಾರೆ. ನೀನು ನಿದ್ದೆ ಕೆಡಿಸಿಕೋಬೇಡ, ಅಪ್ಪನ ಬಿಪಿ ಮಾತ್ರೆ ತಪ್ಪಿಸಬೇಡ. ಏನೂ ಆಗಲ್ಲ, ನಿಜವಾಗ್ಲೂ. ಬಸ್ಸಿಗೆ ಹೊತ್ತಾಯಿತು, ಉಳಿದದ್ದು ಭಾನುವಾರ ಫೋನಿನಲ್ಲಿ.

ನಿನ್ನ,
ಶೈಲಾ