ನಿನ್ನ ಪತ್ರದ ಕೊನೆಯ ಸಾಲು

ಪ್ರೀತಿಯ ಮಗಳಿಗೆ,

ಕರ್ತನ ನಾಮದಲ್ಲಿ ವಂದನೆಗಳು. ಮನೆಯ ಸುದ್ದಿಯನ್ನೆಲ್ಲ ನಿನ್ನ ತಾಯಿ ಫೋನಿನಲ್ಲಿ ಹೇಳಿಯೇ ಇರುತ್ತಾಳೆ, ಅದನ್ನು ಮತ್ತೆ ಬರೆಯುವುದಿಲ್ಲ. ಆ ಮಗುವಿನ ಪ್ರಕರಣದಲ್ಲಿ ಸಾಕ್ಷಿಗಳು ಒಬ್ಬೊಬ್ಬರಾಗಿ ತಿರುಗಿಬಿದ್ದು ಆರೋಪಿ ಖುಲಾಸೆಯಾದದ್ದನ್ನು ನೀನು ಬಹಳ ಸಂಯಮದಿಂದ ಬರೆದಿದ್ದೀಯೆ. ಆದರೆ ಕೆಟ್ಟದ್ದು ಒಂದು ದಿನ ಸೋಲುತ್ತದೆಂಬ ವಾಗ್ದಾನವು ಸೋತವರನ್ನು ಸುಮ್ಮನಾಗಿಸಲು ಹಾಡಿದ ಜೋಗುಳವೇ ಇರಬೇಕು ಎಂದು ಕೊನೆಯಲ್ಲಿ ಸೇರಿಸಿದ್ದೀಯಲ್ಲ, ಆ ಸಾಲನ್ನು ಓದಿದ ಮೇಲೆ ನನ್ನ ಮನಸ್ಸು ನೆಟ್ಟಗಿಲ್ಲ. ದೇವರೇ ಇಲ್ಲವೆಂದು ನೀನು ಬರೆದಿದ್ದರೂ ನಾನು ಇಷ್ಟು ಕಳವಳಪಡುತ್ತಿರಲಿಲ್ಲ.

ನೀನು ಹೇಳಿದ್ದು ಪೂರ್ತಿ ಸುಳ್ಳೆನ್ನಲು ನನಗೆ ಬಾಯಿ ಬರುವುದಿಲ್ಲ. ಜೋಗುಳದಂತೆ ಅದನ್ನು ಹಾಡಿದವರಿದ್ದಾರೆ. ಇನ್ನೊಬ್ಬರ ಅನ್ಯಾಯದಿಂದ ಸತ್ತವರ ಸಮಾಧಿಯ ಬಳಿ, ಯಾರು ಏನು ಮಾಡಿದರೆಂದು ಒಂದು ಮಾತನ್ನೂ ಆಡದೆ, ಪರಲೋಕದಲ್ಲಿ ಎಲ್ಲವೂ ಸರಿಹೋಗುತ್ತದೆಂದು ಅವಸರವಾಗಿ ಮುಗಿಸಿದ ಪ್ರಸಂಗಗಳನ್ನು ನಾನೂ ಕೇಳಿದ್ದೇನೆ. ಅಂಥ ಸಮಾಧಾನದಿಂದ ಅನುಕೂಲವಾಗುವುದು ತಪ್ಪು ಮಾಡಿದವನಿಗೇ.

ಆದರೂ ಒಂದು ಸಂಗತಿಯನ್ನು ನಿನ್ನ ಮುಂದೆ ಇಡುತ್ತೇನೆ, ವಕೀಲೆಯಾದ ನೀನೇ ತೂಗಿನೋಡು. ಬ್ರಿಟಿಷ್ ವೆಸ್ಟ್ ಇಂಡೀಸ್ ದ್ವೀಪಗಳ ಕಬ್ಬಿನ ತೋಟಗಳಲ್ಲಿ ದುಡಿಯುತ್ತಿದ್ದ ಆಫ್ರಿಕಾದ ಗುಲಾಮರಿಗೆಂದು 1807ರಲ್ಲಿ ಲಂಡನ್ನಿನಲ್ಲಿ ಒಂದು ಸತ್ಯವೇದವನ್ನು, ಎಂದರೆ ಬೈಬಲನ್ನು, ಅಚ್ಚು ಹಾಕಿಸಿದರು. ಅದು ಪೂರ್ತಿ ಗ್ರಂಥವಲ್ಲ, ಆಯ್ದ ಭಾಗಗಳು ಮಾತ್ರ. ದಾಸರು ಯಜಮಾನರಿಗೆ ವಿಧೇಯರಾಗಿರಬೇಕೆಂದು ಎಫೆಸದವರಿಗೆ ಬರೆದ ಮಾತು ಅದರಲ್ಲಿ ಉಳಿಯಿತು. ಐಗುಪ್ತದಲ್ಲಿ ದಾಸರಾಗಿದ್ದ ಇಸ್ರಾಯೇಲ್ಯರು ಅಲ್ಲಿನ ಅರಸ ಫರೋಹನ ಕೈಯಿಂದ ಬಿಡಿಸಿಕೊಂಡು ಹೊರಟ ಕಥೆ ಉಳಿಯಲಿಲ್ಲ, ಕೀರ್ತನೆಗಳು ಉಳಿಯಲಿಲ್ಲ, ಕೆಟ್ಟದ್ದರ ಕೊನೆಯ ಸೋಲನ್ನು ಹೇಳುವ, ಸತ್ಯವೇದದ ಕಡೆಯ ಪುಸ್ತಕವಾದ ಪ್ರಕಟನೆಯಂತೂ ಇಡಿಯಾಗಿಯೇ ಹೋಯಿತು. ಕೆಟ್ಟದ್ದು ಸೋಲುತ್ತದೆಂಬ ಮಾತು ಗುಲಾಮರನ್ನು ಮಲಗಿಸುವಂಥದ್ದಾಗಿದ್ದರೆ ಅದನ್ನೇ ಮೊದಲು ಅಚ್ಚು ಹಾಕಿಸಬೇಕಿತ್ತಲ್ಲವೇ? ಅದನ್ನು ಕೇಳಿದವರು ಮಲಗುವುದಿಲ್ಲ, ಎದ್ದು ಕೂರುತ್ತಾರೆ ಎಂಬುದು ತೋಟದ ಯಜಮಾನರ ಕಡೆಯವರಿಗೆ ನಮಗಿಂತ ಚೆನ್ನಾಗಿ ತಿಳಿದಿತ್ತೆಂದು ನನಗೆ ತೋರುತ್ತದೆ.

ಪ್ರಕಟನೆಯನ್ನು ಬರೆದ ಯೋಹಾನನೂ ನೆಮ್ಮದಿಯಾಗಿ ಕುಳಿತು ಬರೆದವನಲ್ಲ. ದೇವರ ವಾಕ್ಯದ ನಿಮಿತ್ತ ಪತ್ಮೊಸ್ ದ್ವೀಪದಲ್ಲಿದ್ದೆನೆಂದು ಅವನೇ ಹೇಳುತ್ತಾನೆ. ಹದಿನೆಂಟನೆಯ ಅಧ್ಯಾಯದಲ್ಲಿ ಅವನು ಬಾಬೆಲ್ ಎಂದು ಕರೆಯುವ ಆ ಮಹಾನಗರದ, ಎಂದರೆ ರೋಮಿನ, ವರ್ತಕರ ಸರಕಿನ ಪಟ್ಟಿಯೊಂದಿದೆ. ಅದು ಚಿನ್ನ, ಬೆಳ್ಳಿ, ಮುತ್ತುಗಳಿಂದ ಆರಂಭವಾಗಿ ದಂತ, ದ್ರಾಕ್ಷಾರಸ, ಗೋದಿ, ಕುರಿ, ಕುದುರೆ, ರಥಗಳನ್ನು ದಾಟಿ ಕಟ್ಟಕಡೆಗೆ ಮನುಷ್ಯ ಪ್ರಾಣಗಳಿಗೆ ಬಂದು ನಿಲ್ಲುತ್ತದೆ. ಆ ನಗರ ಬೀಳುತ್ತದೆಂದು ಹೇಳುವುದಕ್ಕೆ ಅವನಿಗೆ ಒಂದು ವಾಕ್ಯ ಸಾಕಾಗಿತ್ತು, ಆದರೂ ಅಲ್ಲಿ ಏನೇನು ಮಾರಾಟವಾಗುತ್ತಿತ್ತೆಂಬುದನ್ನು ಲೆಕ್ಕ ಬರೆದಿಟ್ಟಿದ್ದಾನೆ. ಸುಮ್ಮನಾಗಿಸಲು ಹೊರಟವನು ಹೀಗೆ ಲೆಕ್ಕ ಬರೆಯುತ್ತಾನೆಯೇ? ಅದಕ್ಕೂ ಮೊದಲು, ಆರನೆಯ ಅಧ್ಯಾಯದಲ್ಲಿ, ಯಜ್ಞವೇದಿಯ ಕೆಳಗಿದ್ದ ಹತರಾದವರ ಆತ್ಮಗಳು ಇನ್ನೆಷ್ಟು ಕಾಲ ಎಂದು ಕೂಗುತ್ತವೆ. ಅವರಿಗೆ ಬಿಳಿಯ ನಿಲುವಂಗಿಯನ್ನು ಕೊಟ್ಟು ಇನ್ನು ಸ್ವಲ್ಪ ಕಾಲ ಕಾದಿರಬೇಕೆಂದು ಹೇಳಲಾಯಿತೇ ಹೊರತು, ಹೀಗೆ ಕೇಳಬಾರದೆಂದು ಯಾರೂ ಗದರಿಸಲಿಲ್ಲ. ಆ ಸ್ವಲ್ಪ ಕಾಲ ಇಷ್ಟು ಉದ್ದವಾದದ್ದೇಕೆ ಎಂದರೆ ನನ್ನಲ್ಲಿ ಉತ್ತರವಿಲ್ಲ, ಮಗಳೇ. ಅಂದಹಾಗೆ, ಆ ಪುಸ್ತಕವನ್ನು ರಾತ್ರಿ ಒಬ್ಬಳೇ ಕುಳಿತು ಓದಬೇಡ, ಬೆಳಗಿನ ಹೊತ್ತು ಓದು. ಇದು ಮುದುಕನ ಮಾತು, ಬೇಡವೆನಿಸಿದರೆ ಬಿಡು.

ನಿನ್ನ ಅಜ್ಜನ ವಿಷಯ ಬರೆಯಬೇಕೆನಿಸುತ್ತಿದೆ. ಶಾಲಾ ಮಾಸ್ತರರಾಗಿ ಅವರ ಹೆಸರು ನಿಮಗೆಲ್ಲ ಗೊತ್ತು. ಜೀತಕ್ಕಿದ್ದ ಒಂದು ಕುಟುಂಬದ ಪರವಾಗಿ ಅವರು ಸಾಕ್ಷಿ ಹೇಳಿದ್ದು ನಿಮಗೆ ಗೊತ್ತಿರಲಾರದು. ಜೀತಪದ್ಧತಿಯನ್ನು ರದ್ದುಮಾಡುವ ಕಾಯಿದೆ 1976ರಲ್ಲಿ ಬಂತು. ಸಾಲದ ಕಾಗದಗಳೆಲ್ಲ ಸಾಹುಕಾರನ ಪೆಟ್ಟಿಗೆಯಲ್ಲಿಯೇ ಇದ್ದುದರಿಂದ, ಆ ಮನೆಯವರು ಜೀತಕ್ಕಿರಲಿಲ್ಲ, ಕೂಲಿಗಿದ್ದರು ಎಂದು ಬರೆದುಕೊಂಡು ಅಧಿಕಾರಿಗಳು ಕಡತವನ್ನು ಮುಚ್ಚಿದರು. ಆಗ ನಾನು ದೂರದ ಊರಿನಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದೆ, ಕ್ರಿಸ್ಮಸ್ಸಿಗೆ ಮಾತ್ರ ಬರುತ್ತಿದ್ದೆ. ರಾತ್ರಿಯ ಮನೆಪ್ರಾರ್ಥನೆಯಲ್ಲಿ ಅವರು ಎಂದಿನ ದನಿಯಲ್ಲಿಯೇ ನಿನ್ನ ರಾಜ್ಯವು ಬರಲಿ ಎನ್ನುವುದನ್ನು ಕೇಳಿ, ಇವರು ಸೋಲಿಗೆ ಒಗ್ಗಿಕೊಂಡರೆಂದು ನನಗನ್ನಿಸುತ್ತಿತ್ತು; ನಿನ್ನ ಜೋಗುಳದ ಮಾತು ನನಗೆ ಹೊಸದಲ್ಲ. ಕಡತ ಮುಚ್ಚಿದ ಮೇಲೂ ಅವರು ಜೀತಕ್ಕಿದ್ದ ಆ ಕುಟುಂಬದ ಹಿರಿಯನ ಜೊತೆ ಹೊಸ ಅರ್ಜಿ ಹಿಡಿದು ಹಲವು ಸಲ ತಾಲ್ಲೂಕು ಕಚೇರಿಗೆ ಹೋಗುತ್ತಿದ್ದರೆಂಬುದು ಅವರ ಮಣ್ಣಿನ ದಿನ ಆ ಮನುಷ್ಯನ ಬಾಯಿಂದಲೇ ನನಗೆ ತಿಳಿಯಿತು. ಆ ಮನೆಯ ಹಿರಿಯ ಮಗ ಕೊನೆಗೂ ಬಿಡುಗಡೆಯಾದದ್ದನ್ನು ಅಪ್ಪ ನೋಡಲಿಲ್ಲ. ಗೆಲ್ಲುವ ಲಕ್ಷಣವೇ ಇಲ್ಲದಿದ್ದಾಗ ಮತ್ತೆ ಮತ್ತೆ ಹೋಗುವ ಬಲ ಎಲ್ಲಿಂದ ಬಂತೆಂದು ಅವರನ್ನು ಕೇಳಬೇಕಿತ್ತು. ಆ ಪ್ರಾರ್ಥನೆಯಿಂದಲೇ ಬಂತೆಂದು ಈಗ ಊಹಿಸುತ್ತೇನೆ. ಆದರೆ ಊಹೆಯೇ ಹೊರತು ಅವರ ಬಾಯಿಂದ ಕೇಳಿದ್ದಲ್ಲ, ಈ ಕೊರಗು ನನಗೆ ಇದ್ದೇ ಇದೆ.

ನಿನ್ನ ರಾಜ್ಯವು ಬರಲಿ ಎಂಬ ಆ ಸಾಲನ್ನು ಸದ್ಯಕ್ಕೆ ನಿನಗೆ ಹೇಳಲಾಗದಿದ್ದರೆ ಹೇಳಬೇಡ. ಸಭೆಗೆ ಹೋಗಿ ಕುಳಿತುಕೋ, ಪಕ್ಕದಲ್ಲಿರುವವರು ಹೇಳುತ್ತಾರೆ, ಅಷ್ಟು ಸಾಕು.

ಲೂಕನು ಬರೆದ ವಿಧವೆಯ ಸಾಮ್ಯವನ್ನು ಎಷ್ಟೋ ಸಲ ಕೇಳಿದ್ದೀಯೆ. ಆದರೂ ಬೇಸರಗೊಳ್ಳದೆ ಪ್ರಾರ್ಥಿಸುವುದನ್ನು ಕಲಿಸಲು ಯೇಸು ಆರಿಸಿಕೊಂಡದ್ದು ದೇವಾಲಯದಲ್ಲಿ ಕಣ್ಣು ಮುಚ್ಚಿ ಕುಳಿತವಳನ್ನಲ್ಲ, ನ್ಯಾಯ ತೀರಿಸಿಕೊಡೆಂದು ದೇವರಿಗೂ ಮನುಷ್ಯರಿಗೂ ಹೆದರದ ನ್ಯಾಯಾಧಿಪತಿಯ ಬೆನ್ನು ಬಿಡದವಳನ್ನು ಎಂಬುದನ್ನು ಗಮನಿಸು. ದೇವರು ನ್ಯಾಯ ತೀರಿಸುವನೆಂದು ಹೇಳಿದ ಮೇಲೆ, ಮನುಷ್ಯಕುಮಾರನು ಬಂದಾಗ ಭೂಮಿಯ ಮೇಲೆ ನಂಬಿಕೆಯನ್ನು ಕಾಣುವನೋ ಎಂದು ಯೇಸು ತಾನೇ ಕೇಳಿ ಮಾತು ಮುಗಿಸುತ್ತಾನೆ. ಕರ್ತನಿಗೇ ಅಂಥದ್ದೊಂದು ಪ್ರಶ್ನೆಯಿದ್ದ ಮೇಲೆ, ನಿನ್ನ ಪ್ರಶ್ನೆ ಅವಿಶ್ವಾಸವೆಂದು ನಾನು ಹೇಗೆ ಹೇಳಲಿ?

ಖುಲಾಸೆಯ ಮೇಲೆ ಮೇಲ್ಮನವಿಗೆ ದಾರಿಯಿದೆಯೆಂದು ಕೇಳಿದ್ದೇನೆ. ಕಾನೂನು ನನಗಿಂತ ನಿನಗೆ ಗೊತ್ತು, ಅದರಲ್ಲಿ ನಾನು ತಲೆಹಾಕುವುದಿಲ್ಲ. ಆ ಮಗುವಿನ ತಾಯಿಯನ್ನು ಮಾತ್ರ ಹೋಗಿ ನೋಡು. ಹೇಳಲು ಏನೂ ಇಲ್ಲದಿದ್ದರೂ ಹೋಗು. ಹೊತ್ತಿಗೆ ಸರಿಯಾಗಿ ಊಟ ಮಾಡು, ಕೋರ್ಟಿಗೆ ರಜೆ ಬಂದಾಗ ಇಲ್ಲಿಗೆ ಬಾ. ನನ್ನ ಮಾತು ಒಪ್ಪಿಗೆಯಾಗದಿದ್ದರೆ ಹಾಗೆಂದೇ ಬರೆ.

ಇಂತಿ,
ನಿನ್ನ ದೊಡ್ಡಪ್ಪ